ಆಪಾಳಿಗೆ ಹೇಳಿದ ಜೀವಕೋಶ

ದಾವಣಗೆರೆಯ ಮಂಡಿಪೇಟೆಯ ತಿರುವಿನಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಸಪೋಟ ಮಾರುವವನನ್ನು ‘ಹಣ್ಣು ಹೆಂಗೈತಪ್ಪ’ ಎಂದು ಕೇಳಿ ನೋಡಿ. ‘ಸಕ್ರಿ ಇದ್ದಂಗೈತೆ, ತಗಳ್ರಿ ಸಾರ್’ ಎನ್ನುತ್ತಾನೆ. ಅಲ್ಲಿಂದ ತುಸು ಮುಂದೆ ಸಗಟು ಅಂಗಡಿಯಲ್ಲಿ ಸಕ್ಕರೆಯ ಮೂಟೆಗೇ ಒರಗಿ ಕೂತವರನ್ನು ‘ಸಕ್ಕರೆ ಹೆಂಗೈತೆ’ ಎಂದು ಕೇಳಿದರೆ ಮಾತ್ರ ಅವರು ನಿಮ್ಮ ಮುಖವನ್ನೊಮ್ಮೆ ನೋಡಿ ದರ ಹೇಳುತ್ತಾರೆ. ಸಕ್ಕರೆಯನ್ನು ಇನ್ನು ಯಾವುದಕ್ಕೆ ಹೋಲಿಸುವುದು? ನಮ್ಮ ತಿಳಿವಳಿಕೆಯೆಲ್ಲ ಹೀಗೆ ಒಂದರ ಹೆಗಲ ಮೇಲೆ ಇನ್ನೊಂದು ಕೈಯಿಟ್ಟುಕೊಂಡು ನಡೆಯುವ ಸಾಲು; ಸಾಲಿನ ಮೊದಲಿಗೆ ನಿಂತದ್ದಕ್ಕೆ ಮಾತ್ರ ಹಿಡಿಯಲು ಯಾವ ಹೆಗಲೂ ಇಲ್ಲ.

ನಾನು ಅನ್ನ ತಿಂದದ್ದೇ ಇಂಥ ‘ಇದ್ದಂಗೆ’ಗಳ ಋಣದಲ್ಲಿ. ದಾವಣಗೆರೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳುತ್ತ ತಲೆ ನರೆಸಿಕೊಂಡವನು ನಾನು. ಪ್ರತಿ ವರ್ಷವೂ ಮೊದಲ ವಾರದಲ್ಲಿ ಕರಿಹಲಗೆಯ ಮೇಲೆ ಒಂದು ವಕ್ರವಾದ ಮೊಟ್ಟೆ ಬರೆದು, ‘ಮಕ್ಕಳೇ, ಜೀವಕೋಶವೆಂದರೆ ಒಂದು ನಗರ’ ಎಂದು ಘೋಷಿಸುತ್ತಿದ್ದೆ. ಕೋಶಕೇಂದ್ರ ನಗರಸಭೆ, ಮೈಟೋಕಾಂಡ್ರಿಯಾ ವಿದ್ಯುತ್ ಸ್ಥಾವರ, ಗಾಲ್ಗಿ ಸಂಕೀರ್ಣ ಅಂಚೆ ಕಚೇರಿ. ಹೀಗೆ ಕಲಿತ ಒಬ್ಬ ಹುಡುಗ ಪರೀಕ್ಷೆಯಲ್ಲಿ ‘ಮಧ್ಯಾಹ್ನದ ಹೊತ್ತು ಮೈಟೋಕಾಂಡ್ರಿಯಾದಲ್ಲಿ ಕರೆಂಟ್ ಇರುವುದಿಲ್ಲ’ ಎಂದು ಬರೆದ. ಇನ್ನೊಬ್ಬಳು ಕೋಶಕೇಂದ್ರಕ್ಕೆ ಐದು ವರ್ಷಕ್ಕೊಮ್ಮೆ ಚುನಾವಣೆ ಮಾಡಿಸಿದ್ದಳು. ಅವರಿಗೆ ಅಂಕ ಕೊಡಲಿಲ್ಲ. ಆದರೆ ಆಮೇಲೆ ಯೋಚಿಸಿದರೆ, ನಾನು ಬಾಯಿಮಾತಿಗೆ ಕಟ್ಟಿದ ನಗರದೊಳಗೆ ಅವರು ನನಗಿಂತ ಪ್ರಾಮಾಣಿಕವಾಗಿ ವಾಸಮಾಡಿದ್ದರು ಅನ್ನಿಸುತ್ತದೆ. ಹೋಲಿಕೆಯೊಂದನ್ನು ಕೇಳಿದವರು ಅದನ್ನು ಎಲ್ಲಿಯವರೆಗೆ ಕೊಂಡೊಯ್ಯುತ್ತಾರೆ ಎಂಬುದು ಹೇಳಿದವನ ಕೈಯಲ್ಲಿಲ್ಲ. ಅದು ನನಗೆ ಸರಿಯಾಗಿ ತಿಳಿದದ್ದು ಕಾಲೇಜಿನಲ್ಲಲ್ಲ, ಹರಿಹರದಲ್ಲಿ, ಆಪಾಳ ಮಂಚದ ಪಕ್ಕದಲ್ಲಿ.

ಆಪಾ ಎಂದರೆ ನನ್ನ ಅಕ್ಕ, ಜೈಬುನ್. ದಾವಣಗೆರೆಯಲ್ಲಿ ನಮ್ಮಪ್ಪನದು ಮಂಡಕ್ಕಿ ಭಟ್ಟಿ. ಕಾದ ಮರಳು, ಹೊಟ್ಟಿನ ಹೊಗೆ, ಅರಳುವ ಅಕ್ಕಿಯ ಸಣ್ಣ ಸಿಡಿತ ಇವುಗಳ ನಡುವೆ ನಾವಿಬ್ಬರೂ ಬೆಳೆದೆವು. ನಾನು ಓದುವ ನೆಪದಲ್ಲಿ ಹೊಗೆಯಿಂದ ಪಾರಾದೆ, ಅವಳು ಮದುವೆಯಾಗಿ ಹರಿಹರಕ್ಕೆ ಹೋದಳು. ಗಂಡ ತೀರಿಕೊಂಡ ಮೇಲೆ ಹೊಳೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ ಮಗಳು ಶಬಾನಾಳ ಜೊತೆಗಿದ್ದಳು. ಕಳೆದ ವರ್ಷ ಅವಳ ಹೊಟ್ಟೆಯಲ್ಲಿ ಒಂದು ಗಡ್ಡೆ ಕಂಡಿತು. ಅದರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ, ‘ಆ ಕಾಯಿಲೆ’ ಎನ್ನುತ್ತೇವೆ. ವಿಜ್ಞಾನ ಓದಿದ ನಾನೂ ಹಾಗೆಯೇ ಎನ್ನುತ್ತಿದ್ದೆ. ಒಂದು ಸುತ್ತು ಚಿಕಿತ್ಸೆ ಆಯಿತು. ಕೂದಲು ಹೋಯಿತು, ಊಟ ಹೋಯಿತು, ಕಾಯಿಲೆ ಮಾತ್ರ ಹೋದಂತೆ ಮಾಡಿ ತಿರುಗಿ ಬಂತು. ಇನ್ನೊಂದು ಸುತ್ತು ಕೊಡೋಣ, ಖಾತ್ರಿ ಹೇಳಲಾಗದು ಎಂದರು ವೈದ್ಯರು. ಆಪಾ ಒಲ್ಲೆ ಎಂದಳು.

ಶಬಾನಾ ಫೋನು ಮಾಡಿದಳು. ಅವಳು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು, ಅಳುವಾಗಲೂ ಅವಳ ಮಾತು ಸರಳರೇಖೆಯಲ್ಲಿ ಹೋಗುತ್ತದೆ.

“ಮಾಮು, ಮಮ್ಮಿ ನನ್ನ ಮಾತು ಕೇಳಲ್ಲ. ನೀವು ಓದಿದೋರು, ನಿಮ್ಮ ಮಾತಿಗೆ ಬೆಲೆ ಐತೆ. ಒಳಗೆ ಏನಾಗೈತೆ, ಔಷಧಿ ಏನು ಮಾಡ್ತೈತೆ ಅಂತ ಬಿಡಿಸಿ ಹೇಳ್ರಿ. ತಿಳಿದ್ರೆ ಒಪ್ಪತಾಳೆ.”

ತಿಳಿದರೆ ಒಪ್ಪುತ್ತಾರೆ! ನನ್ನ ಇಡೀ ವೃತ್ತಿಜೀವನ ನಿಂತಿದ್ದ ನಂಬಿಕೆ ಅದೇ. ಉಳಿದ ಯಾವುದನ್ನೂ ಸುಲಭವಾಗಿ ನಂಬದ ನಾನು ಅದೊಂದನ್ನು ಪರೀಕ್ಷಿಸದೆಯೇ ನಂಬಿಕೊಂಡಿದ್ದೆ. ಆಗಲಿ ಎಂದೆ.

ಹೀಗೆ ಭಾನುವಾರಗಳಂದು ದಾವಣಗೆರೆಯ ಸರಸ್ವತಿ ನಗರದ ನನ್ನ ಮನೆಯಿಂದ ಹೊರಟು, ಬಸ್ಸು ಹಿಡಿದು, ಹರಿಹರ ತಲುಪುವುದು ರೂಢಿಯಾಯಿತು. ನಾನು ಒಂದು ಕಡೆ ಕೂರುವ ಜಾತಿಯವನಲ್ಲ. ಬಸ್ಸಿನಲ್ಲಿ ಸೀಟು ಬದಲಿಸುತ್ತೇನೆ, ಮದುವೆಮನೆಯಲ್ಲಿ ಊಟಕ್ಕೆ ಮೊದಲು ಚಪ್ಪಲಿ ಹುಡುಕುತ್ತೇನೆ. ರೋಗಿಯ ಮನೆಯಲ್ಲಂತೂ ನನ್ನ ಕಾಲುಗಳು ನನಗಿಂತ ಮೊದಲು ಎದ್ದು ನಿಲ್ಲುತ್ತವೆ. ಆಪಾಳ ಮಂಚದ ಕಾಲುತುದಿಯಲ್ಲಿ ಯಾವಾಗಲೂ ಪಕ್ಕದ ಮನೆಯ ಗಂಗಮ್ಮ ಇರುತ್ತಿದ್ದರು, ಮಡಿಲಲ್ಲಿ ಯಾವುದಾದರೂ ಸೊಪ್ಪು. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಇಬ್ಬರೂ ಮುದುಕಿಯರಾಗಿದ್ದರು. ಗಂಗಮ್ಮನ ಎದುರಿಗೆ ನಾವು ಅಕ್ಕ ತಮ್ಮ ಉರ್ದು ಮಾತಾಡುವಂತಿರಲಿಲ್ಲ. ಕೂತವರಲ್ಲಿ ಒಬ್ಬರಿಗೆ ತಿಳಿಯದ ಹಾಗೆ ಉಳಿದವರು ಮಾತಾಡಿದರೆ ಅದು ಚಾಡಿ ಎಂದು ಆಪಾಳ ಕಟ್ಟಳೆ. ಹೀಗಾಗಿ ಜೀವಕೋಶ ಆ ಕೋಣೆಯೊಳಗೆ ಕನ್ನಡದಲ್ಲೇ ಬಂತು.

ಬಂದ ಮೊದಲ ದಿನವೇ ಅದು ಕಷ್ಟಕ್ಕೆ ಸಿಕ್ಕಿತು. ‘ಜೀವಕೋಶ ಒಂದು ನಗರ’ ಎಂದು ನಾನು ಅಭ್ಯಾಸಬಲದಿಂದ ಶುರುಮಾಡಿದರೆ, ಆಪಾ ಕೈಯೆತ್ತಿ ತಡೆದಳು.

“ನಗರ ನನಗ್ಯಾಕೋ ಮುನ್ನಾ? ನಗರಸಭೆಗೆ ನಾನು ಯಾವತ್ತು ಹೋಗೀನಿ. ಮನೆ ಅಂತ ಹೇಳು.”

“ಕಣ್ಣಿಗೆ ಕಾಣ್ತದೇನ್ರಿ ಅದು?” ಎಂದರು ಗಂಗಮ್ಮ.

“ಬರಿಗಣ್ಣಿಗೆ ಕಾಣಲ್ಲ.”

“ಕೇಳಿದ್ಯಾ ಗಂಗೂ. ಕಾಣದ ದೇವ್ರನ್ನ ನಂಬಬ್ಯಾಡ ಅಂತ ನನಗೆ ಆಯುಷ್ಯ ಎಲ್ಲಾ ಉಪದೇಶ ಮಾಡಿದೋನು. ಈಗ ಕಾಣದ ಮನೆ ತೋರ್ಸಾಕ ಬಂದಾನ.”

ಸೂಕ್ಷ್ಮದರ್ಶಕದ ವಿಷಯವನ್ನು ಅಲ್ಲಿಗೇ ಬಿಟ್ಟೆ. ನಗುವಾಗ ಅವಳಿಗೆ ನೋವಾಗುತ್ತಿತ್ತು, ಆದರೂ ನಕ್ಕಿದ್ದಳು.

ಸರಿ, ಮನೆಯಾಯಿತು. ಕೋಶದ ಸುತ್ತಲಿನ ಪೊರೆಯನ್ನು ಗೋಡೆ ಎನ್ನುವಂತಿಲ್ಲ. ಗೋಡೆಗೆ ವಿವೇಚನೆಯಿಲ್ಲ, ಪೊರೆಗೆ ಇದೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೇ ನಿಲ್ಲಿಸಿ ಮಾತಾಡಿಸಬೇಕು ಎಂಬುದೆಲ್ಲ ಅದಕ್ಕೆ ಗೊತ್ತು. ‘ಕಟ್ಟೆ ಮೇಲೆ ಕೂತು ಓಣಿಯಾಗೆ ಬಂದೋರನ್ನೆಲ್ಲ ಯಾರ ಮನೆಗೆ, ಯಾಕ ಅಂತ ಕೇಳೋ ಗಂಗೂನ ಹಂಗೆ’ ಎಂದು ಆಪಾ ತೀರ್ಪು ಕೊಟ್ಟಳು. ಗಂಗಮ್ಮ ಮುನಿಸಿಕೊಳ್ಳಲಿಲ್ಲ. ಅವರಿಲ್ಲದಿದ್ದರೆ ಆ ಓಣಿಗೆ ಯಾರು ಬೇಕಾದರೂ ನುಗ್ಗುತ್ತಿದ್ದರು ಎಂಬುದು ಅವರಿಗೂ ಗೊತ್ತಿದ್ದ ಸಂಗತಿ.

ಕೋಶಕೇಂದ್ರಕ್ಕೆ ನಾನೇ ಹೋಲಿಕೆ ತಂದೆ: ನಮ್ಮಮ್ಮ. ಕೀಲುನೋವಿನಿಂದ ಅಮ್ಮ ಒಳಕೋಣೆಯ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ, ಆದರೆ ಮನೆಯಲ್ಲಿ ಯಾವ ಹೊತ್ತಿಗೆ ಏನಾಗಬೇಕು, ಅಕ್ಕಿಗೆ ಎಷ್ಟು ಉಪ್ಪುನೀರು, ಯಾರ ಮನೆಗೆ ಯಾವ ಹಬ್ಬಕ್ಕೆ ಏನು ಕಳಿಸಬೇಕು ಎಂಬುದೆಲ್ಲ ಅವಳ ತಲೆಯಲ್ಲಿತ್ತು. ಕೋಶಕೇಂದ್ರವೂ ಹಾಗೆಯೇ ತನ್ನ ಜಾಗ ಬಿಟ್ಟು ಬರುವುದಿಲ್ಲ. ಬೇಕಾದ ಮಾತನ್ನು ನಕಲು ಮಾಡಿ ಯಾರದೋ ಕೈಯಲ್ಲಿ ಹೊರಗೆ ಕಳಿಸುತ್ತದೆ. ಹೊರಗೆ ರೈಬೋಸೋಮುಗಳೆಂಬ ಪುಟ್ಟ ಕೆಲಸಗಾರ್ತಿಯರು ಆ ಮಾತಿನಂತೆ ಒಂದೊಂದೇ ಎಳೆ ಹೊಸೆದು ಪ್ರೋಟೀನು ಮಾಡುತ್ತಾರೆ, ಶ್ಯಾವಿಗೆ ಹೊಸೆದ ಹಾಗೆ.

“ಹಂಗಾದ್ರೆ ಮಾತು ಒಯ್ಯೋಳು ನಾನು,” ಎಂದಳು ಆಪಾ. “ಅಮ್ಮ ಹೇಳಿದ್ದನ್ನ ನಾನಲ್ವಾ ಭಟ್ಟಿಗೆ ಓಡಿ ಹೇಳ್ತಿದ್ದೋಳು. ಎಷ್ಟೋ ಸಲ ತಪ್ಪೂ ಹೇಳೀನಿ. ಉಪ್ಪು ಎರಡು ಸಲ ಬಿದ್ದು ಅಷ್ಟೂ ಮಂಡಕ್ಕಿ ಹಾಳಾಗಿತ್ತು.”

ಹೀಗೆ ಮಾತು ತಪ್ಪುವುದೇ ಆ ಕಾಯಿಲೆಯ ಮೂಲ ಎಂಬ ವಾಕ್ಯ ನಾಲಗೆಯ ತುದಿಗೆ ಬಂದಿತ್ತು. ನೀರು ಕುಡಿಯುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋದೆ. ಶಬಾನಾ ಒಲೆಯ ಮುಂದೆ ನಿಂತಿದ್ದಳು. ‘ಹೇಳಿದ್ರಾ’ ಎಂದು ಕಣ್ಣಲ್ಲೇ ಕೇಳಿದಳು. ಇನ್ನೂ ಇಲ್ಲ ಎಂದು ತಲೆಯಾಡಿಸಿದೆ. ಇದು ಪ್ರತಿ ಭಾನುವಾರವೂ ನಡೆಯಿತು. ನಾನು ಪಾಠವನ್ನು ಎಳೆಯುತ್ತಿದ್ದೆ. ಎಲ್ಲ ಭಾಗಗಳೂ ಮುಗಿದರೆ ಉಳಿಯುವುದು ಕಾಯಿಲೆಯೊಂದೇ ಎಂದು ನನಗೆ ಗೊತ್ತಿತ್ತು.

ಗಾಲ್ಗಿ ಸಂಕೀರ್ಣಕ್ಕೆ ಒಂದು ಇಡೀ ಭಾನುವಾರ ಕೊಟ್ಟೆ. ಆದ ಮಾಲನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಯಾವ ಊರಿಗೆ ಎಂದು ಗುರುತು ಹಾಕಿ ಕಳಿಸುವ ಮಂಡಿಪೇಟೆಯ ಸಾಗಣೆ ಅಂಗಡಿ ಅದು ಎಂದೆ. ಸವೆದುಹೋದದ್ದನ್ನು ಒಡೆದು ಮತ್ತೆ ಉಪಯೋಗಕ್ಕೆ ತರುವ ಲೈಸೋಸೋಮನ್ನು ನಾನು ಕಸ ಗುಡಿಸುವವರಿಗೆ ಹೋಲಿಸಿದಾಗ ಗಂಗಮ್ಮ ಒಪ್ಪಲಿಲ್ಲ. “ಎಸೆಯೋದಿಲ್ಲ ಅಂದ ಮೇಲೆ ಅದು ಕಸ ಹೆಂಗಾಯ್ತದೆ? ಹಳೆ ಸೀರೆ ಹರಿದು ಕೌದಿ ಹೊಲಿದಂಗೆ ಅನ್ರಿ,” ಎಂದರು. ಅಂದು ಆಪಾ ಹೊದ್ದಿದ್ದದ್ದೂ ಗಂಗಮ್ಮ ಹೊಲಿದ ಕೌದಿಯೇ. ಯಾವ ತುಂಡು ಯಾರ ಸೀರೆಯದು ಎಂದು ಇಬ್ಬರೂ ಬೆರಳಿಟ್ಟು ಹುಡುಕುತ್ತ ಪಾಠವನ್ನು ಮರೆತರು.

ಮೈಟೋಕಾಂಡ್ರಿಯಾಕ್ಕೆ ಮಾತ್ರ ನಾವಿಬ್ಬರೂ ಒಟ್ಟಿಗೇ ‘ಭಟ್ಟಿ’ ಎಂದೆವು. ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ, ಅಪ್ಪನದು ಬರುವುದಿಲ್ಲ ಎಂದು ನಾನು ಹೇಳಿದಾಗ ಆಪಾ ದಿಂಬಿನಿಂದ ತಲೆ ಎತ್ತಿದಳು. ಹಾಗಾದರೆ ನಿನ್ನೊಳಗೂ ನನ್ನೊಳಗೂ ಅಮ್ಮನ ಬೆಂಕಿಯೇ? ಹೌದು. ಶಬಾನಾಳದು? ನಿನ್ನದು, ಅಂದರೆ ಅಮ್ಮನದೇ. ನಿನ್ನ ಮಕ್ಕಳದು? ಅವರ ತಾಯಿಯದು, ನನ್ನದು ನನ್ನಲ್ಲಿಗೇ ಮುಗಿಯುತ್ತದೆ. “ಪಾಪ,” ಎಂದಳು ಅವಳು, ಮಂಚದಲ್ಲಿ ಮಲಗಿದ್ದವಳು ನಾನೇ ಎಂಬ ಹಾಗೆ.

ಓದುಗ ಮಹಾಶಯರೇ, ಇಲ್ಲಿಯವರೆಗಿನದನ್ನು ನಾನು ಧೈರ್ಯವಾಗಿ ಬರೆದೆ. ಮುಂದಿನದು ಹಾಗಲ್ಲ. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ಪ್ರತಿ ಸಲ ತೆಗೆದಾಗಲೂ ತುಸು ತಿದ್ದಿಸಿಕೊಂಡು ಒಳಗೆ ಹೋಗುವಂಥದ್ದು ಎಂದು ತರಗತಿಯಲ್ಲಿ ಹೇಳುತ್ತಿದ್ದವನು ನಾನೇ. ಕೊನೆಯ ಪಾಠದ ದಿನ ಗಂಗಮ್ಮ ಇರಲಿಲ್ಲವೆಂದೇ ನನ್ನ ನೆನಪು. ಮಂಚದ ಕಾಲುತುದಿ ಖಾಲಿಯಾಗಿ ಕಾಣುತ್ತದೆ. ಅವರಿಲ್ಲದಿದ್ದರೆ ನಾವು ಉರ್ದುವಿನಲ್ಲಿ ಮಾತಾಡಿರಬೇಕು. ಆದರೆ ನನ್ನ ಕಿವಿಯಲ್ಲಿ ಉಳಿದಿರುವ ಆಪಾಳ ಮಾತು ಕನ್ನಡದಲ್ಲಿದೆ. ಹಾಗಾದರೆ ಒಂದೋ ನನ್ನ ಕಣ್ಣು ಸುಳ್ಳು ಹೇಳುತ್ತಿದೆ, ಇಲ್ಲವೇ ಕಿವಿ. ಆ ದಿನದ ಬೇರೆ ಯಾವ ಮಾತನ್ನು ನಂಬಲಿ?

ನೆನಪಿರುವ ಹಾಗೆ ಹೇಳುತ್ತೇನೆ. ಅವಳೇ ಕೇಳಿದಳು: “ಇಷ್ಟೆಲ್ಲಾ ಹೇಳಿದಿ. ಎಲ್ಲಾರೂ ಅವರವರ ಕೆಲಸ ಮಾಡ್ತಾರೆ. ಮತ್ತೆ ನನ್ನೊಳಗೆ ಕೆಟ್ಟೋರು ಯಾರು?”

ಪ್ರತಿ ಕೋಶಕ್ಕೂ ಒಂದು ಅವಧಿಯಿರುತ್ತದೆ ಎಂದೆ. ಅವಧಿ ಮುಗಿದಾಗ ಅದು ಗದ್ದಲವಿಲ್ಲದೆ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ, ಇದ್ದದ್ದನ್ನು ಅಕ್ಕಪಕ್ಕದವರಿಗೆ ಹಂಚಿ ಹೋಗುತ್ತದೆ. ಇದಕ್ಕೆ ಹೋಲಿಕೆ ಹುಡುಕುವಾಗ ನನ್ನ ಕೈಗೆ ಸಿಕ್ಕದ್ದು ಹಬ್ಬದ ಹಿಂದಿನ ದಿನ ಭಟ್ಟಿ ಆರಿಸುವ ಕ್ರಮ. ಬೆಂಕಿ ತೆಗೆದು ಎದ್ದುಹೋಗುವಂತಿರಲಿಲ್ಲ. ಹೊಟ್ಟು ಹಾಕುವುದನ್ನು ನಿಲ್ಲಿಸಿ, ಬಾಣಲೆಯಲ್ಲಿ ಅಕ್ಕಿಯಿಲ್ಲದ ಬರಿಯ ಮರಳನ್ನು, ಕಾವು ಇಳಿಯುವವರೆಗೂ ತಿರುವುತ್ತ ಕೂರಬೇಕು. ಇಲ್ಲವಾದರೆ ಬಾಣಲೆಯ ತಳ ಸೀಳುತ್ತದೆಂದು ಅಪ್ಪ ಹೇಳುತ್ತಿದ್ದ. ನಿಜಕ್ಕೂ ಸೀಳುತ್ತಿತ್ತೋ ಇಲ್ಲವೋ, ಬಿಟ್ಟು ನೋಡುವ ಧೈರ್ಯ ಯಾರೂ ಮಾಡಿರಲಿಲ್ಲ. ನಾವೆಲ್ಲ ಹೊಸ ಬಟ್ಟೆಯ ಮಾತಾಡುತ್ತಿರುವಾಗ ಏನೂ ಅರಳದ ಮರಳನ್ನು ತಿರುವುತ್ತ ಕೂರುವವಳು ಆಪಾ.

“ಆ ಕಾಯಿಲೆ ಹತ್ತಿದ ಕೋಶಕ್ಕೆ ಭಟ್ಟಿ ಆರಿಸೋದು ಮರೆತುಹೋಗೈತೆ ಆಪಾ,” ಎಂದೆ. “ಮಾಲು ಯಾರಿಗೂ ಬ್ಯಾಡ, ಆದರೂ ಹುರೀತಾನೇ ಇರ್ತದೆ. ಔಷಧಿ ಹೋಗಿ ಅದನ್ನ ಆರಿಸ್ತದೆ. ಅದಕ್ಕೇ ಇನ್ನೊಂದು ಸುತ್ತು ತಗಳ್ಳಬೇಕು.”

ಒಳ್ಳೆಯ ಹೋಲಿಕೆ ಕೊಟ್ಟೆನೆಂಬ ಮೇಷ್ಟರ ತೃಪ್ತಿ ನನ್ನ ಮುಖದಲ್ಲಿ ಇದ್ದಿರಬೇಕು.

“ಆರಿಸೋದು ಗೊತ್ತಿಲ್ದಿರೋದೇ ಕಾಯಿಲೆ ಅಂದಿ.”

“ಹೌದು.”

“ಮತ್ತೆ ನನಗೆ ಯಾಕ ಎಲ್ಲಾರೂ ಆರಿಸಬ್ಯಾಡ ಅಂತೀರಿ?”

ಇದಕ್ಕೆ ಉತ್ತರವಿದೆ. ಕೋಶಕ್ಕೆ ಸಲ್ಲುವ ಮಾತು ಕೋಶಗಳಿಂದಾದ ಮನುಷ್ಯಳಿಗೆ ಸಲ್ಲುವುದಿಲ್ಲ; ಕೋಶಕ್ಕೆ ಮಗಳಿಲ್ಲ, ತಮ್ಮನಿಲ್ಲ, ಕಟ್ಟೆಯ ಮೇಲೆ ಕಾಯುವ ಗಂಗಮ್ಮನಿಲ್ಲ; ಹೋಲಿಕೆಯನ್ನು ಅದು ಮುರಿಯುವಲ್ಲಿಗೆ ನಿಲ್ಲಿಸಬೇಕು. ಪ್ರಥಮ ವರ್ಷದ ವಿದ್ಯಾರ್ಥಿ ಕೇಳಿದ್ದರೂ ನಾನು ಇದನ್ನು ಥಟ್ಟನೆ ಹೇಳುತ್ತಿದ್ದೆ. ಅವಳಿಗೆ ಹೇಳಿದೆನೇ? ಕೆಲವು ಸಲ ನೆನಪಿನಲ್ಲಿ ನಾನು ಇದನ್ನೆಲ್ಲ ಹೇಳುತ್ತೇನೆ, ಅವಳು ಕಣ್ಣು ಮುಚ್ಚಿ ಕೇಳುತ್ತಾಳೆ. ಇನ್ನು ಕೆಲವು ಸಲ ನಾನು ಕಿಟಕಿಯ ಸರಳು ಹಿಡಿದು ಓಣಿ ನೋಡುತ್ತಿರುತ್ತೇನೆ, ಮಾತೇ ಇಲ್ಲ. ಎರಡೂ ಚಿತ್ರಗಳು ಸಮನಾಗಿ ಸ್ಪಷ್ಟವಾಗಿವೆ, ಅದೇ ನನ್ನ ಸಂಕಟ.

ಆಪಾ ಆಸ್ಪತ್ರೆಗೆ ಹೋಗಲಿಲ್ಲ. ಮಳೆ ಹಿಡಿಯುವುದಕ್ಕೆ ಮುಂಚೆ, ಬೆಳಗಿನ ಹೊತ್ತು, ತನ್ನ ಮಂಚದಲ್ಲೇ ಹೋದಳು. ಮಣ್ಣು ಮಾಡಿ ಬಂದ ಮೇಲೆ ಶಬಾನಾ ನನ್ನ ಹತ್ತಿರ ಬಂದು, ದನಿ ಏರಿಸದೆ, ಲೆಕ್ಕ ಒಪ್ಪಿಸುವವಳಂತೆ ಹೇಳಿದಳು: “ಆ ಭಟ್ಟಿ ಕತೆ ನೀವು ಹೇಳದಿದ್ರೆ ಮಮ್ಮಿ ಬರ್ತಿದ್ಲು ಮಾಮು. ಒಪ್ಪಿಸ್ರಿ ಅಂತ ಕಳಿಸಿದ್ರೆ, ಸಾಯಾಕ ನೆಪ ಕೊಟ್ಟು ಬಂದ್ರಿ.” ಹಾಗಲ್ಲ ಎನ್ನಲು ಬೇಕಾದ ನೆನಪೊಂದು ನನ್ನ ಬಳಿ ಇತ್ತು, ಹೌದು ಎನ್ನುವುದೂ ಇತ್ತು.

ಆಮೇಲಿನ ಭಾನುವಾರಗಳಲ್ಲಿ ನನ್ನ ಕಾಲುಗಳು ಮನೆಯೊಳಗೇ ಹರಿಹರದ ದೂರವನ್ನು ಸವೆಸಿದವು. ಒಂದು ದಿನ ತಡೆಯಲಾರದೆ ಬಸ್ಸು ಹತ್ತಿದೆ. ಆಪಾಳ ಮನೆಗೆ ಬೀಗ, ಶಬಾನಾ ಎಲ್ಲೋ ಹೋಗಿದ್ದಳು. ಗಂಗಮ್ಮ ಕಟ್ಟೆಯ ಮೇಲಿದ್ದರು. ‘ಬರ್ರಿ ಮೇಷ್ಟ್ರೇ’ ಎಂದು ಸರಿದು ಜಾಗ ಕೊಟ್ಟರು. ನಾನು ನಿಂತುಕೊಂಡೇ ಕೇಳಿದೆ: ಆ ದಿನ, ಭಟ್ಟಿ ಆರಿಸುವ ಮಾತು ಬಂದ ದಿನ, ನೀವು ಅಲ್ಲಿದ್ದಿರಾ?

“ಇದ್ನಲ್ರಿ. ಬಾಗಿಲಾಗೆ ಕೂತು ಮೊರದಾಗೆ ಅಕ್ಕಿ ಕೇರ್ತಿದ್ದೆ. ನೀವು ನನ್ನ ಕಡೆ ಬೆನ್ನು ಮಾಡಿದ್ರಿ.”

ಅಲ್ಲಿಗೆ ಕಿವಿ ಗೆದ್ದಿತು, ಕಣ್ಣು ಸೋತಿತು. ಹಾಗಾದರೆ ಅವಳು ಕೇಳಿದ ಪ್ರಶ್ನೆಗೆ ನಾನೇನು ಹೇಳಿದೆ ಎಂದು ಕೇಳಿದೆ.

“ಅದು ನೆಪ್ಪಿಲ್ರಿ. ಆದ್ರೆ ನೀವು ಏನು ಹೇಳಿದ್ರೂ ಅಷ್ಟೇ ಇತ್ತು. ಜೈಬುನ್ ಆಸ್ಪತ್ರೆಯಿಂದ ಮೊದಲ ಸಲ ಬಂದ ದಿನಾನೇ ನನಗೆ ಹೇಳಿದ್ಲು, ಗಂಗೂ, ಇನ್ನ ನಾನು ಹೋಗಲ್ಲ ಅಂತ.”

“ಮತ್ತೆ ಅಷ್ಟು ದಿನ ನನ್ನ ಕೈಲಿ ಪಾಠ ಯಾಕೆ ಹೇಳಿಸಿಕೊಂಡಳು?”

“ನೀವು ಸುಮ್ನೆ ಕೂಡ್ರೋ ಮನುಷ್ಯ ಏನ್ರಿ? ಬಂದ್ರೆ ಚಹಾ ಕುಡಿಯೋದ್ರೊಳಗೆ ಚಪ್ಪಲಿ ಮೆಟ್ಟತಿದ್ರಿ. ಮುನ್ನಾನ್ನ ಪಾಠಕ್ಕೆ ಹಚ್ಚಿದ್ರೆ ಒಂದು ತಾಸು ಕೂತಿರ್ತಾನ, ಮುಖನಾದ್ರೂ ನೋಡಬೋದು ಅಂತಿದ್ಲು.”

ನನ್ನ ಸಂಶಯ ಮಾತ್ರ ಬಿಡಲಿಲ್ಲ. ಇದು ನಡೆದದ್ದೋ, ಎದುರಿಗೆ ನಿಂತ ಮುದುಕನನ್ನು ನೋಡಲಾರದೆ ಗಂಗಮ್ಮ ಈಗ ಹೊಲಿದದ್ದೋ ಎಂದು ಅದು ಒಳಗಿನಿಂದ ಕೇಳುತ್ತಲೇ ಇತ್ತು. ಇದನ್ನು ಶಬಾನಾಳಿಗೂ ಹೇಳಿ ಎಂದೆ.

“ಹೇಳೀನ್ರಿ. ನಂಬಲ್ಲ. ಅವಳಿಗೆ ಬೈಯಾಕ ಯಾರಾದ್ರೂ ಬೇಕಲ್ಲ. ದೇವ್ರಿಗೆ ಬೈದ್ರೆ ತಪ್ಪಾಯ್ತದೆ, ತಾಯಿಗೆ ಬೈಯಾಕ ಬರಲ್ಲ. ಸ್ವಲ್ಪ ದಿನ ನೀವೇ ಬೈಸ್ಕಳ್ರಿ.”

ಇಷ್ಟು ವರ್ಷ ಓದಿಕೊಂಡದ್ದಕ್ಕೆ ಕೊನೆಗೆ ನನಗೆ ಸಿಕ್ಕ ಹುದ್ದೆ ಇದು. ಬೇಡ ಎನ್ನಲು ಮನಸ್ಸಾಗಲಿಲ್ಲ. ಶಬಾನಾ ಸಂಜೆಗೆ ಬರುತ್ತಾಳೆಂದರು, ಅಲ್ಲಿಯವರೆಗೆ ಇರುತ್ತೇನೆಂದೆ. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಬೀಗ ಹಾಕಿದ ಬಾಗಿಲನ್ನು ಇಬ್ಬರೂ ನೋಡಿದೆವು.

“ಮೇಷ್ಟ್ರೇ,” ಎಂದರು ಗಂಗಮ್ಮ, “ಜೈಬುನ್ ಇಲ್ಲದ್ದು ನಿಮಗೆ ಹೆಂಗನ್ನಿಸ್ತೈತೆ?”

ಬಾಯಿ ತೆರೆದೆ. ಮನೆ, ಓಣಿ, ಪೇಟೆ, ಹೊಳೆ ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿದೆ. ಯಾವುದರ ಪಕ್ಕದಲ್ಲೂ ಅದನ್ನು ಇಡಲಾಗಲಿಲ್ಲ.

“ಗೊತ್ತಿಲ್ಲ ಗಂಗಮ್ಮ. ಅದು ಯಾವುದು ಇದ್ದಂಗೂ ಇಲ್ಲ.”

“ನನಗೂ ಗೊತ್ತಿಲ್ರಿ,” ಎಂದರು ಅವರು. “ಕೂಡ್ರಿ.”

ಕೂತೆ.